ನೀರುನಾಯಿ ಮಡುವಿಗೆ ಒಂದೇ ದಾರಿ

ಅಬೀಲಿಯೊ ಕೇಳಿದ್ದು ಒಂದೇ ಒಂದು. ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹೆಂಡತಿಗೆ ಹೇಳಿದ.

"ಈ ಬೇಸಿಗೇಲಿ ಒಂದ್ಸಲ ನನ್ನ ಹೊಳೆಗಿಳಿಸು ಅಲ್ಜೀರಾ. ಕುತ್ತಿಗೆವರೆಗೂ. ಆಮೇಲೆ ಎಲ್ಲಾದ್ರೂ ಬಿಸಾಕು."

"ಬಿಸಾಕೋಕೂ ಜಾಗ ಆರಿಸಬೇಕಲ್ಲ ಮುದುಕಾ," ಅಂದಳು ಅಲ್ಜೀರಾ.

ಹೊಳೆ ಆರಿಸುವುದು ಅವಳಿಗೆ ಹೊಸ ಕೆಲಸವಲ್ಲ. ಬೆಟ್ಟದ ಬುಡದ ಆ ಗಿರಣಿ ಊರಿನಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಅವಳ ಮನೆ ಮೆಟ್ಟಿಲ ಕೆಳಗೆ ನಿಂತು, "ಅಲ್ಜೀರಕ್ಕಾ, ಈ ಭಾನುವಾರ ಯಾವ ಹೊಳೆ?" ಎಂದು ಕೂಗುವುದು ರೂಢಿಯಾಗಿ ಹೋಗಿತ್ತು. ಪೋರ್ಚುಗಲ್ಲಿಗೆ ಸಮುದ್ರವೇನೋ ಉದ್ದಕ್ಕೂ ಬಿದ್ದಿದೆ. ಆದರೆ ಅದು ಲಿಸ್ಬನ್ನಿನವರದ್ದು, ಹೊರದೇಶದಿಂದ ಬಂದು ಮೈ ಸುಟ್ಟುಕೊಳ್ಳುವವರದ್ದು. ಒಳನಾಡಿನ ಜನಕ್ಕೆ ಇರುವುದು ಹೊಳೆ, ಕೆರೆ, ಅಣೆಕಟ್ಟಿನ ಹಿನ್ನೀರು. ಜೂನ್ ಬಂದಾಗ ಹಳ್ಳಿಯವರು ಹೊಳೆಗೆ ಅಡ್ಡ ಹಲಗೆ ಕೂರಿಸಿ ನೀರು ನಿಲ್ಲಿಸುತ್ತಾರೆ. ಲಾರಿಯಲ್ಲಿ ಮರಳು ತಂದು ದಂಡೆಗೆ ಸುರಿಯುತ್ತಾರೆ. ಹುಲ್ಲು ಹೊದಿಸಿದ ನಾಲ್ಕು ಕೊಡೆ ನೆಟ್ಟು, ನೀರು ಚೊಕ್ಕ ಎಂದು ಸಾರುವ ಬಾವುಟವೊಂದನ್ನು ಏರಿಸಿ, ಇದು ನಮ್ಮ ಬೀಚು ಅನ್ನುತ್ತಾರೆ.

ಅಲ್ಜೀರಾ ಬಾವುಟ ನೋಡಿ ಮರುಳಾಗುವವಳಲ್ಲ. ಹೊಳೆಯ ಮೇಲ್ಗಡೆ ಏನಿದೆ ಎಂದು ಮೊದಲು ನೋಡುವವಳು. ಹಂದಿ ಸಾಕಣೆ ಇದೆಯೋ, ಚೀಸಿನ ಕಾರ್ಖಾನೆ ಇದೆಯೋ, ಯಾವ ದೊಡ್ಡ ಮನುಷ್ಯನ ಪೈಪು ಯಾವ ಪೊದೆಯ ಹಿಂದೆ ಬಾಯಿ ಬಿಟ್ಟಿದೆಯೋ. "ನೀರು ಮೇಲಿಂದ ಬರುತ್ತೆ, ಹೊಲಸೂ ಮೇಲಿಂದಲೇ ಬರೋದು," ಅನ್ನುವಳು. ಆಮೇಲೆ ನೆರಳು. ಮಧ್ಯಾಹ್ನ ತಿರುಗಿದರೂ ನಿಲ್ಲುವ ನೆರಳೋ, ಊಟದ ಹೊತ್ತಿಗೆ ಕೈ ಕೊಡುವ ನೆರಳೋ. ಆಮೇಲೆ ಇಳಿಜಾರು, ಮುದುಕಿಯರು ಹತ್ತಿ ಬರಲಾಗುತ್ತದೋ ಇಲ್ಲವೋ. ಕಕ್ಕಸಿಗೆ ಬಾಗಿಲಿದೆಯೋ ಇಲ್ಲವೋ. ಕೊನೆಗೆ ದಾರಿ.

ಅವಳ ಬಾಲ್ಯದ ಹೊಳೆಗೆ ವಾರಕ್ಕೊಂದು ಬಣ್ಣವಿತ್ತು. ಹನ್ನೆರಡಕ್ಕೆ ಗಿರಣಿಗೆ ಸೇರಿ ಉಣ್ಣೆ ಬಾಚುವ ಯಂತ್ರದ ಮುಂದೆ ನಿಂತವಳು. ಆಫ್ರಿಕಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಗಿರಣಿಯಲ್ಲಿ ಸೈನ್ಯದ ಕಂಬಳಿಗೆ ಬಣ್ಣ ಹಾಕಿದ ವಾರ ಹೊಳೆ ಹಸಿರಾಗಿ ಹರಿಯುತ್ತಿತ್ತು, ಪಾದ್ರಿಗಳ ನಿಲುವಂಗಿಯ ವಾರ ಕಪ್ಪಗೆ. ಅದರಲ್ಲಿ ಕಾಲಿಟ್ಟರೆ ಕಾಲು ಅದೇ ಬಣ್ಣ. ಸರ್ವಾಧಿಕಾರ ಬಿದ್ದ ಮರುವರ್ಷ ಮಾಲೀಕ ಯಂತ್ರಗಳನ್ನು ಕದ್ದು ಸಾಗಿಸಲು ನೋಡಿದಾಗ ಗೇಟಿಗೆ ಅಡ್ಡ ಮಲಗಿದವರಲ್ಲಿ ಅವಳೂ ಒಬ್ಬಳು. ಲಾರಿಯವನು ಹಾರ್ನ್ ಹೊಡೆದ. "ಏರಿಸು, ನಿನ್ನ ಗಾಲಿಗೆ ನಮ್ಮ ಮೈಯ ಉಣ್ಣೆ ಸುತ್ತಿಕೊಳ್ಳುತ್ತೆ," ಅಂದಳಂತೆ. ಅವನು ಏರಿಸಲಿಲ್ಲ. ಗೆದ್ದ ಮೇಲೆ ಕಾರ್ಮಿಕರ ಸಮಿತಿಯಲ್ಲಿ ಕೂಲಿ, ರಜೆ, ಹಾಲುಣಿಸುವ ಬಿಡುವು ಎಂದು ಎಲ್ಲರೂ ಅವರವರ ಬೇಡಿಕೆ ಇಟ್ಟರು. ಅಲ್ಜೀರಾ ಇಟ್ಟದ್ದು ಭಾನುವಾರದ ಬಸ್ಸು. "ಬಣ್ಣ ಇಲ್ಲದ ನೀರಲ್ಲಿ ಒಂದು ದಿನ," ಅಂದಳು. ಗಂಡಸರು ನಕ್ಕರು. ಬಸ್ಸು ಹೊರಟಾಗ ಮೊದಲು ಹತ್ತಿ ಕಿಟಕಿ ಹಿಡಿದವರೂ ಅವರೇ.

ಆಮೇಲೆ ಗಿರಣಿ ಮುಚ್ಚಿತು, ಬಸ್ಸೂ ನಿಂತಿತು. ಹೆಂಗಸರು ಮಕ್ಕಳ ಕಾರಿನಲ್ಲಿ, ಅಳಿಯಂದಿರ ವ್ಯಾನಿನಲ್ಲಿ ಹೋಗತೊಡಗಿದರು. ಕೇಳುವುದು ಮಾತ್ರ ಅವಳನ್ನೇ.

ಅಬೀಲಿಯೊ ಗಣಿಯವನು. ಬೆಟ್ಟದ ಆಚೆ ಬದಿಯ ಟಂಗ್‌ಸ್ಟನ್ ಗಣಿಯಲ್ಲಿ ಆಯುಷ್ಯದ ಮುಕ್ಕಾಲು ಪಾಲು ನೆಲದಡಿ ಕಳೆದವನು. ಭಾನುವಾರ ಹೊಳೆಗೆ ಬಿದ್ದನೆಂದರೆ ಕತ್ತಲಾದಾಗ ಎಳೆದು ತರಬೇಕು. ಮೈಮೇಲಿನ ದೂಳು ಹೊಳೆಯಲ್ಲಿ ಬಿಟ್ಟಿತು, ಎದೆಯೊಳಗಿನದು ಬಿಡಲಿಲ್ಲ. ಗಣಿಯ ವೈದ್ಯ ಅದನ್ನು ಸಿಗರೇಟು ಸೇದುವವರ ಕೆಮ್ಮು ಅಂದ. ಅಬೀಲಿಯೊ ಒಂದು ದಿನವೂ ಹೊಗೆ ಸೇದಿದವನಲ್ಲ. ಈಗ ಶ್ವಾಸಕೋಶ ಎರಡು ಕಲ್ಲಿನ ಚೀಲ. ಹೊಸ ಆಸ್ಪತ್ರೆಯ ಡಾಕ್ಟರಮ್ಮ ಅಲ್ಜೀರಾಳನ್ನು ಪಡಸಾಲೆಗೆ ಕರೆದು, "ಮುಂದಿನ ಬೇಸಿಗೆ ಲೆಕ್ಕಕ್ಕೆ ಇಟ್ಕೋಬೇಡಿ ಅಮ್ಮಾ," ಅಂದಿದ್ದಳು.

ಹೀಗೆ, ಊರಿಗೆಲ್ಲ ಹೊಳೆ ಆರಿಸಿಕೊಟ್ಟವಳು ಕಟ್ಟಿಕೊಂಡವನಿಗೆ ಒಂದು ಹೊಳೆ ಆರಿಸಬೇಕಾಯಿತು. ಆ ವರ್ಷ ಯಾವ ಹೊಳೆಯೂ ಹೊಳೆಯಾಗಿರಲಿಲ್ಲ.

ಮೊದಲು ಹೋದದ್ದು ಮಠದ ಕಟ್ಟೆಗೆ. ಅವಳಿಗೆ ಅತಿ ನಂಬಿಕೆಯ ಜಾಗ. ಗಾಲಿಕುರ್ಚಿ ನೀರಿನ ತನಕ ಉರುಳಿಸಬಹುದು. ಹೋಗಿ ನೋಡಿದರೆ ಸ್ನಾನ ನಿಷೇಧ ಎಂಬ ಫಲಕ, ನೀರಿನ ಮೇಲೆ ಬಟಾಣಿ ಸಾರಿನಂಥ ಹಸಿರು ಕೆನೆ. ಎರಡನೆಯ ಸಲ ಹೋದದ್ದು ಜೋಡಿ ಸೇತುವೆಗೆ. ಅಲ್ಲಿ ಹೊಳೆ ಕಲ್ಲುಗಳ ನಡುವೆ ಉಚ್ಚೆಯಂತೆ ಜಿನುಗುತ್ತಿತ್ತು. ಮೂರನೆಯದು ಅಣೆಕಟ್ಟಿನ ಹಿನ್ನೀರು. ನೀರು ಹಿಂದೆ ಸರಿದು ದಂಡೆಗೂ ನೀರಿಗೂ ನಡುವೆ ಕೆಸರಿನ ದೊಡ್ಡ ಬಯಲು ಬಿದ್ದಿತ್ತು. ಗಾಲಿಕುರ್ಚಿ ಅರ್ಧದಲ್ಲೇ ಹೂತುಹೋಯಿತು. ಅಬೀಲಿಯೊ ಕೆಸರಿನ ನಡುವೆ ಕೂತು ದೂರದ ನೀರನ್ನು ನೋಡಿದ. ಮೂರು ಸಲವೂ ಒಣ ಮೈಯಲ್ಲೇ ಮನೆಗೆ ಬಂದರು.

ಆಗಸ್ಟ್ ಬಂತು. ಅವರ ಮನೆ ಮೇಲ್ಮಹಡಿಯಲ್ಲಿ, ಸೂರಿನ ಕೆಳಗೇ. ಒಲೆ ಹಚ್ಚದಿದ್ದರೂ ಗೋಡೆ ಮುಟ್ಟಿದರೆ ಸುಡುತ್ತಿತ್ತು. ಅಬೀಲಿಯೊ ಕೂತೇ ನಿದ್ದೆ ಮಾಡುತ್ತಿದ್ದ, ಬಾಯಿ ತೆರೆದು, ದಂಡೆಗೆ ಬಿದ್ದ ಮೀನಿನಂತೆ.

"ನೀರುನಾಯಿ ಮಡುವಿಗೆ ಹೋಗೋಣ," ಅಂದಳು ಅಲ್ಜೀರಾ ಒಂದು ಬೆಳಿಗ್ಗೆ.

ಕೇಳಿಸಿಕೊಂಡವಳು ಗ್ರಸಿಂದಾ, ಕೆಳಮನೆಯ ವಿಧವೆ, ಅದೇ ಗಿರಣಿಯಲ್ಲಿ ನೇಯ್ದವಳು. ವ್ಯಾನು ಅವಳದು, ಬಾಯಿಯೂ ವ್ಯಾನಿನಷ್ಟೇ ದೊಡ್ಡದು.

"ತಲೆ ಕೆಟ್ಟಿದೆಯಾ ನಿನಗೆ? ಅಲ್ಲಿಗೆ ಒಂದೇ ದಾರಿ ಕಣೇ. ಹೋಗೋದೂ ಅದೇ, ಬರೋದೂ ಅದೇ. ಎರಡೂ ಕಡೆ ನೀಲಗಿರಿ. ರೇಡಿಯೊ ಬೆಳಿಗ್ಗೆಯಿಂದ ಕಾಡ್ಗಿಚ್ಚಿನ ಕೆಂಪು ಎಚ್ಚರಿಕೆ ಅಂತ ಬಡ್ಕೋತಿದೆ."

"ಒಂದೇ ದಾರಿ ಅಂತಲೇ ಅಲ್ಲಿ ಜನ ಕಮ್ಮಿ. ಮೇಲ್ಗಡೆ ಒಂದು ಕಾರ್ಖಾನೆ ಇಲ್ಲ. ಹಲಗೆ ಹಾಕಿದಾರೆ, ಇಳಿಯೋಕೆ ಕಾಂಕ್ರೀಟು ಇಳಿಜಾರಿದೆ. ನೀರು ಇನ್ನೂ ಇದೆಯಂತೆ."

"ನಾನು ಕೇಳಿದ್ರೆ ನನ್ನ ಅಲ್ಲಿಗೆ ಕಳಿಸ್ತಿದ್ಯಾ, ಇಂಥ ದಿನ?"

ಬೇರೆ ಯಾರು ಕೇಳಿದ್ದರೂ ಅಲ್ಜೀರಾಳೇ ಉಗಿದು ಕೂರಿಸುತ್ತಿದ್ದಳು. ದಾರಿಯನ್ನು ಕೊನೆಗೆ ನೋಡುವುದು ಅವಳ ಕ್ರಮ, ನೋಡದೆ ಬಿಡುವುದಲ್ಲ. ಅವತ್ತು ನೋಡಿಯೂ ನೋಡದಂತೆ ಬಿಟ್ಟಳು. ಒಳಗಿನಿಂದ ಅಬೀಲಿಯೊನ ಉಸಿರು ಕೇಳುತ್ತಿತ್ತು, ಹಳೆಯ ಗರಗಸ ಎಳೆದಂತೆ.

ಗ್ರಸಿಂದಾಳಿಗೂ ಅದು ಕೇಳಿಸಿತು. "ಆ ಮುದಿ ಕತ್ತೇನ ಹೊತ್ಕೊಂಡು ಬಾ ಹಾಗಾದ್ರೆ," ಅಂದಳು. "ನಾನು ವ್ಯಾನಿನ ಕಿಟಕಿ ತೆಗೀತೀನಿ."

ಹೊರಡುವುದು ತಡವಾಯಿತು. ಅಬೀಲಿಯೊನ ಜೊತೆ ಎಲ್ಲವೂ ತಡ. ಪ್ರತಿ ಮೆಟ್ಟಿಲಿಗೆ ನಿಲ್ಲಬೇಕು, ಆಮ್ಲಜನಕದ ಸಿಲಿಂಡರನ್ನು ಅವನ ಹಿಂದೆ ಕೂಸಿನಂತೆ ತರಬೇಕು. ಅದರ ಮೇಲೆ ಅಲ್ಜೀರಾಳ ಬುತ್ತಿ ಬೇರೆ. ಟೊಮೇಟೊ ಅನ್ನದ ಪಾತ್ರೆಯನ್ನು ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಕಂಬಳಿ ಸುತ್ತಿ ಬಿಸಿ ಆರದಂತೆ ನೋಡಬೇಕು. ಒಣಮೀನಿನ ವಡೆ, ಸುಟ್ಟ ಮೆಣಸಿನಕಾಯಿ, ಕರಬೂಜ, ವೈನಿನ ಬುಡ್ಡಿ. ಹೊಳೆಗೆ ಹೋಗುವುದೆಂದರೆ ಅಡುಗೆಮನೆಯನ್ನೇ ಹೊತ್ತು ಹೋಗುವುದು. ಬ್ರೆಡ್ಡು ಕಚ್ಚಿಕೊಂಡು ಹೊಳೆಗೆ ಹೋಗುವವರನ್ನು ಆ ಊರಿನಲ್ಲಿ ಮನುಷ್ಯರೆಂದು ಎಣಿಸುವುದಿಲ್ಲ.

ನೀಲಗಿರಿ ತೋಪಿನ ನಡುವೆ ದಾರಿ ಸುರುಳಿ ಸುರುಳಿಯಾಗಿ ಇಳಿಯಿತು. ಒಂದು ಕಾಲಕ್ಕೆ ಅಲ್ಲಿ ಓಕ್ ಮರ, ರೈ ಧಾನ್ಯದ ಹೊಲ, ಮೇಕೆ ಎಲ್ಲ ಇದ್ದವು. ಮಕ್ಕಳು ಫ್ರಾನ್ಸಿಗೆ, ಸ್ವಿಟ್ಜರ್ಲೆಂಡಿಗೆ ಕೂಲಿಗೆ ಹೋದ ಮೇಲೆ ಕಾಗದದ ಕಾರ್ಖಾನೆಯವರು ಬಂದು ಹೊಳೆಯ ಅಂಚಿನ ತನಕ ನೀಲಗಿರಿ ನೆಟ್ಟರು. ಯಾರೂ ಬೇಡ ಅನ್ನಲಿಲ್ಲ, ಅನ್ನುವುದಕ್ಕೆ ಯಾರೂ ಉಳಿದಿರಲಿಲ್ಲ. ನೆಲದಲ್ಲಿ ಒಣ ತೊಗಟೆ ಮೊಣಕಾಲೆತ್ತರ ಬಿದ್ದಿತ್ತು. ಗ್ರಸಿಂದಾ ಒಂದು ಮಾತೂ ಆಡದೆ ಓಡಿಸಿದಳು. ಅವಳು ಸುಮ್ಮನಿದ್ದಾಳೆಂದರೆ ಹೆದರಿದ್ದಾಳೆಂದು ಅರ್ಥ.

ಮಡು ಮಾತ್ರ ಅಲ್ಜೀರಾ ಅಂದಂತೆಯೇ ಇತ್ತು. ಕಣಿವೆಯ ತಳದಲ್ಲಿ ಹಲಗೆಗೆ ತಡೆದು ನಿಂತ ಕಪ್ಪು ಹಸಿರು ನೀರು. ಕಲ್ಲೊಂದನ್ನು ಎತ್ತಿ ನೋಡಿದಳು. ಅಡಿಯಲ್ಲಿ ಹುಳುಹುಪ್ಪಟೆ ಜೀವಂತವಾಗಿ ಸರಿದಾಡಿದವು. ಒಳ್ಳೆಯ ನೀರು. ಸ್ವಿಟ್ಜರ್ಲೆಂಡ್ ನಂಬರಿನ ಎರಡು ಕಾರು, ಒಂದು ದೊಡ್ಡ ಸಂಸಾರ, ಒಂದೆರಡು ಜೋಡಿಗಳು, ಎತ್ತರದ ಕುರ್ಚಿಯಲ್ಲಿ ಕೂತು ಈಜುವವರನ್ನು ಕಾಯುವ ಹುಡುಗಿಯೊಬ್ಬಳು. ಅಷ್ಟೇ ಜನ.

ಅಬೀಲಿಯೊ ಗಾಲಿಕುರ್ಚಿಯಲ್ಲಿ ಕೂತು ನೀರನ್ನೇ ನೋಡಿದ. ಅಂಗಿಯ ಗುಂಡಿ ಬಿಚ್ಚತೊಡಗಿದ.

"ಏನ್ ಮಾಡ್ತಿದೀಯಾ?"

"ಇಳೀತೀನಿ."

"ಮೊದ್ಲು ಊಟ. ಮಾತ್ರೆ ಖಾಲಿ ಹೊಟ್ಟೇಲಿ ನುಂಗಂಗಿಲ್ಲ. ಅನ್ನ ಆರ್ತಿದೆ."

"ಅನ್ನ ಆರಿದ್ರೆ ಆರ್ಲಿ. ನಾನು ಆರಿಹೋಗೋದರ ಒಳಗೆ ಇಳಿಸು."

"ಹೊಟ್ಟೆ ಖಾಲಿ ಇಟ್ಕೊಂಡು ತಣ್ಣೀರಿಗೆ ಬಿದ್ರೆ ತಲೆ ತಿರುಗುತ್ತೆ. ಊಟ ಮಾಡು. ಜೀರ್ಣ ಆಗ್ಲಿ. ಆಮೇಲೆ ನಾನೇ ಇಳಿಸ್ತೀನಿ. ಸಾಯಂಕಾಲದ ತನಕ ಹೊಳೆ ಎಲ್ಲಿಗೂ ಓಡಿಹೋಗಲ್ಲ."

ಊಟವಾದ ಮೇಲೆ ಮೂರು ಗಂಟೆ ನೀರಿಗೆ ಇಳಿಯಬಾರದು. ಆ ನಾಡಿನಲ್ಲಿ ಅದು ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಬರೆಯದ ಹನ್ನೊಂದನೆಯ ಕಟ್ಟಳೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಕಣ್ಣೆದುರು ತಣ್ಣನೆಯ ಹೊಳೆ ಹರಿಯುತ್ತಿದ್ದರೆ, ಇಡೀ ಸಂಸಾರ ಮರದಡಿ ಬೆವರುತ್ತಾ ಕೂತು ಹೊಟ್ಟೆಯೊಳಗಿನ ಅನ್ನ ಕರಗುವುದನ್ನು ಕಾಯುತ್ತದೆ. ಅಲ್ಜೀರಾಳಿಗೆ ಅದು ಬರೀ ಕಟ್ಟಳೆಯಲ್ಲ. ಗಿರಣಿಯ ಮೊದಲ ಬಸ್ಸಿನಲ್ಲಿ ಬಂದಿದ್ದ ಪಿಯೆದಾದೆ ಎಂಬ ಹುಡುಗಿ ಊಟ ಮಾಡಿದ ಕೈ ತೊಳೆಯುವ ಮೊದಲೇ ನೀರಿಗೆ ಓಡಿ, ಮೇಲೆ ಬಂದದ್ದು ಹೆಣವಾಗಿ. ಜೀರ್ಣವಾಗದೆ ಸತ್ತಳು ಎಂದು ಎಲ್ಲರೂ ಅಂದರು, ಅಲ್ಜೀರಾಳೂ ಅಂದಳು. ಪಿಯೆದಾದೆಗೆ ಈಜು ಬರುತ್ತಿರಲಿಲ್ಲ, ಮಡು ಎರಡಾಳು ಆಳವಿತ್ತು. ಅದನ್ನು ಯಾರೂ ಅನ್ನಲಿಲ್ಲ. ಮಾಲೀಕನ ಮಾತನ್ನು ಒಂದು ದಿನವೂ ಸುಮ್ಮನೆ ಒಪ್ಪದ ಹೆಂಗಸು ಈ ಒಂದು ಮಾತನ್ನು ಐವತ್ತು ವರ್ಷ ತಲೆಯ ಮೇಲೆ ಹೊತ್ತು ನಡೆದಳು.

ಊಟವಾಯಿತು. ಅಬೀಲಿಯೊ ಹಕ್ಕಿಯಷ್ಟು ತಿಂದ.

"ನಾಲ್ಕು ಅಗುಳು ತಿಂದಿದೀನಿ. ಅದು ಕರಗೋಕೆ ಮೂರು ಗಂಟೆ ಬೇಕಾ?"

"ಬೇಕು."

"ಕಾವಲಿನ ಹುಡುಗೀನ ಕೇಳು."

ಕುರ್ಚಿಯ ಮೇಲಿನ ಹುಡುಗಿ ನಕ್ಕಳು. "ಅಮ್ಮಾ, ಅವೆಲ್ಲ ಹಳೇ ಕಾಲದ ಮಾತು. ಸ್ವಲ್ಪ ಸ್ವಲ್ಪ ಇಳಿಸಿ, ಏನೂ ಆಗಲ್ಲ."

"ನಿನ್ನ ವಯಸ್ಸಿಗೆ ಏನೂ ಆಗಲ್ಲ ಕಣಮ್ಮಾ. ಇವನ ಎದೆ ನೋಡಿದೀಯಾ?"

ಗ್ರಸಿಂದಾ ಕರಬೂಜ ಹೋಳು ಮಾಡುತ್ತಾ, "ಬಿಡೇ ಅತ್ಲಾಗೆ," ಅಂದಳು. "ಸಾಯೋನಿಗೆ ಅಜೀರ್ಣದ ಭಯವೇನು?"

"ನೀನು ಬಾಯ್ಮುಚ್ಚು."

ಗಣಿಯ ಮೇಸ್ತ್ರಿಗಳ ಜೊತೆ ಕುಸ್ತಿ ಆಡಿದ ಅಬೀಲಿಯೊನಿಗೆ ಹೆಂಡತಿಯ ಜೊತೆ ಆಡಲು ಉಸಿರು ಉಳಿದಿರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನೀರಿತ್ತು. ಅಲ್ಜೀರಾ ಟವೆಲೊಂದನ್ನು ಹೊಳೆಯಲ್ಲಿ ಅದ್ದಿ ಅವನ ಹೆಗಲಿಗೆ ಹಾಕಿದಳು. ಅವನು ಅದನ್ನು ತೆಗೆದು ಪಕ್ಕಕ್ಕೆ ಇಟ್ಟ.

"ಬಟ್ಟೆ ಒಗೆಯೋ ನೀರು ಬೇಡ ನನಗೆ," ಅಂದ.

ಕಣಿವೆಯಲ್ಲಿ ಗಾಳಿ ಬಿದ್ದುಹೋಗಿತ್ತು. ಮಕ್ಕಳೂ ಮಲಗಿದ್ದರು, ಅವುಗಳಿಗೂ ಜೀರ್ಣದ ಹೊತ್ತು. ಅಲ್ಜೀರಾ ಗಂಡನ ಮುಖವನ್ನೂ ಮರದ ನೆರಳನ್ನೂ ಸರದಿಯಲ್ಲಿ ನೋಡುತ್ತಾ ಕೂತಳು. ನೆರಳು ಸರಿಯುತ್ತಲೇ ಇರಲಿಲ್ಲ. ಒಮ್ಮೆ ಎದ್ದು ನಿಂತಳು, ಇನ್ನು ಸಾಕು, ಇಳಿಸಿಯೇಬಿಡೋಣ ಎಂದು. ಆಗ ಪಿಯೆದಾದೆಯ ಬಿಳಿ ಪಾದ ಕಣ್ಣಿಗೆ ಬಂತು. ಮತ್ತೆ ಕೂತಳು.

ಕರಬೂಜದ ಹೋಳಿನ ಮೇಲೆ ಏನೋ ಬಿತ್ತು. ಗ್ರಸಿಂದಾ ಬೆರಳಿನಿಂದ ಮುಟ್ಟಿ ನೋಡಿದಳು. ಬೂದಿ.

ಎಲ್ಲರೂ ಒಟ್ಟಿಗೆ ತಲೆ ಎತ್ತಿದರು. ಬೆಟ್ಟದ ಹಿಂಬದಿಯಿಂದ ಹೊಗೆ ಎದ್ದಿತ್ತು, ಹೂಕೋಸಿನ ಹಾಗೆ ಉಬ್ಬುತ್ತಾ, ಬುಡದಲ್ಲಿ ಕಂದು ಬಣ್ಣ.

"ದೂರ ಇದೆ," ಅಂದ ಸ್ವಿಟ್ಜರ್ಲೆಂಡಿನ ಕಾರಿನವನೊಬ್ಬ.

"ಬೂದಿ ಇಲ್ಲಿಗೆ ಬಂದಿದೆ, ನಿಮ್ಮ ದೂರ ಎಲ್ಲಿದೆ?" ಅಂದಳು ಗ್ರಸಿಂದಾ, ಚಾಕು ಮಡಚುತ್ತಾ.

ಮೊದಲು ಗಾಳಿ ಬಂತು, ಆಮೇಲೆ ಜೀಪು. ಇಬ್ಬರು ಪೊಲೀಸ್ ಗಾರ್ಡುಗಳು ಇಳಿದು, ಎಲ್ಲರೂ ಕಾರು ಹತ್ತಿ, ದಾರಿ ತೆರೆದಿರುವಾಗಲೇ ಮೇಲಕ್ಕೆ ಹೊರಡಿ ಎಂದು ಕೂಗಿದರು. ಜನ ಪಾತ್ರೆ ಪಡಗ ಬಿಟ್ಟು ಎದ್ದರು. ಅಲ್ಜೀರಾ ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದಳು. ಅಬೀಲಿಯೊ ಎರಡೂ ಗಾಲಿಗಳನ್ನು ಕೈಯಿಂದ ಒತ್ತಿ ಹಿಡಿದ.

"ನಾನು ಬರಲ್ಲ."

"ಬೆಂಕಿ ಬರ್ತಿದೆ ಕಣೋ!"

"ನಾಲ್ಕನೇ ಸಲ ಕಣೇ ಇದು. ಇನ್ನೊಂದು ಸಲ ಒಣಗಿಕೊಂಡು ಮನೆಗೆ ಹೋಗಲ್ಲ ನಾನು. ನೀರಿಗೆ ಹಾಕು. ಹಾಕಿ ನೀವು ಹೊರಡಿ."

ಅಷ್ಟು ಮಾತು ಅವನ ಉಸಿರನ್ನೆಲ್ಲ ತಿಂದಿತು. ತುಟಿ ನೀಲಿಯಾಯಿತು. ಅಲ್ಜೀರಾ ಅವನ ಬೆರಳುಗಳನ್ನು ಒಂದೊಂದಾಗಿ ಗಾಲಿಯಿಂದ ಬಿಡಿಸಿದಳು. ಗಿರಣಿ ಮುಚ್ಚಿದ ವರ್ಷ ಲಾಠಿ ಹಿಡಿದ ಪೊಲೀಸರು ಅದರ ಗೇಟಿನ ಸರಳಿನಿಂದ ಹೆಂಗಸರ ಬೆರಳುಗಳನ್ನು ಬಿಡಿಸಿದ್ದು ಹೀಗೆಯೇ. ಅದು ಅವಳಿಗೆ ನೆನಪಾಯಿತು. ಆದರೂ ಬಿಡಿಸಿದಳು. ಗ್ರಸಿಂದಾ ಕಾಲು ಹಿಡಿದಳು. ಇಬ್ಬರೂ ಸೇರಿ ಅವನನ್ನು ವ್ಯಾನಿಗೆ ತುಂಬಿದರು, ಉಣ್ಣೆಯ ಮೂಟೆ ತುಂಬಿದ ಹಾಗೆ. ಅವನು ಅವಳ ಮುಖ ನೋಡಲಿಲ್ಲ. ಕಿಟಕಿಯಾಚೆ ಹೊಳೆ ಹಿಂದೆ ಸರಿಯುವುದನ್ನು ನೋಡಿದ.

ವ್ಯಾನು ಮೂರು ತಿರುವು ಹತ್ತಿರಬೇಕು. ಮುಂದಿನ ಕಾರು ನಿಂತಿತು, ಅದರ ಮುಂದಿನದೂ ನಿಂತಿತು. ಮೇಲಿನಿಂದ ಜೀಪು ಹಿಮ್ಮುಖವಾಗಿ ಇಳಿದು ಬರುತ್ತಿತ್ತು, ಗಾರ್ಡು ಕಿಟಕಿಯಿಂದ ಮೈ ಹೊರಹಾಕಿ ಕೈ ಬೀಸುತ್ತಿದ್ದ.

"ಹಿಂದಕ್ಕೆ! ಹಿಂದಕ್ಕೆ! ದಾರಿ ಹೋಯ್ತು! ಎಲ್ಲ ನೀರಿಗೆ!"

ತಿರುವಿನ ಆಚೆ ಮರಗಳ ತುದಿಯಲ್ಲಿ ಬೆಂಕಿ ನಡೆಯುತ್ತಿರಲಿಲ್ಲ, ಹಾರುತ್ತಿತ್ತು. ಉರಿಯುವ ತೊಗಟೆಯ ಪಟ್ಟಿಗಳು ಗಾಳಿಯಲ್ಲಿ ಬಂದು ಈಚೆಗೆ ಬಿದ್ದು, ಬಿದ್ದಲ್ಲೇ ಹೊತ್ತಿಕೊಳ್ಳುತ್ತಿದ್ದವು. ಗ್ರಸಿಂದಾ ಮೇರಿಯಮ್ಮನನ್ನೂ ಮೇರಿಯಮ್ಮನ ಮಗನನ್ನೂ ಬಾಯಿಗೆ ಬಂದಂತೆ ಬಯ್ಯುತ್ತಾ, ಕನ್ನಡಿ ನೋಡದೆ ಕತ್ತು ಹಿಂದಕ್ಕೆ ತಿರುಗಿಸಿ ವ್ಯಾನನ್ನು ಹಿಮ್ಮುಖವಾಗಿ ಇಳಿಸಿದಳು. ಒಂದು ಬದಿ ಪೂರ್ತಿ ಬಂಡೆಗೆ ಉಜ್ಜಿಕೊಂಡು ಹೋಯಿತು.

ದಂಡೆಯಲ್ಲಿ ಗಾರ್ಡು ಸಿಲಿಂಡರ್ ನೋಡಿ ಅಡ್ಡ ನಿಂತ.

"ಅಮ್ಮಾ, ಇದು ಆಗಲ್ಲ. ಕಿಡಿ ಬಿದ್ರೆ ಎಲ್ಲರೂ ಹೋಗ್ತೀವಿ."

"ಇದಿಲ್ಲದೆ ಅವನು ಹೋಗ್ತಾನೆ!"

"ಇಲ್ಲಿ ಮಕ್ಕಳಿವೆ ಅಮ್ಮಾ."

ಅಲ್ಜೀರಾ ಮಕ್ಕಳನ್ನು ನೋಡಿದಳು. ನೀರಿನಲ್ಲಿ ನಿಂತ ತಾಯಿಯ ಕುತ್ತಿಗೆಗೆ ಒಂದು ಜೋತು ಬಿದ್ದಿತ್ತು. ಕಾವಲಿನ ಹುಡುಗಿ ಇನ್ನೆರಡನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅಲ್ಜೀರಾ ಬಗ್ಗಿ ಸಿಲಿಂಡರಿನ ತಿರುಪು ಮುಚ್ಚಿ ಗಾಳಿ ನಿಲ್ಲಿಸಿದಳು. ಗಂಡನ ಮೂಗಿನಿಂದ ನಳಿಗೆ ಕಳಚಿದಳು. ಗಾರ್ಡು ಸಿಲಿಂಡರನ್ನು ತಬ್ಬಿಕೊಂಡು ಓಡಿ, ಅಡ್ಡಹಲಗೆಯ ಬಳಿ ಜನರಿಂದ ದೂರ, ಆಳದ ನೀರಿಗೆ ಮುಳುಗಿಸಿದ.

ಅಬೀಲಿಯೊ ಹೊಳೆಗಿಳಿದದ್ದು ಹೀಗೆ. ಚಪ್ಪಲಿ, ಪ್ಯಾಂಟು, ಬೆಲ್ಟು ಸಮೇತ, ಇಬ್ಬರು ಮುದುಕಿಯರ ನಡುವೆ ನೇತಾಡುತ್ತಾ, ಮೂಗಿಗೆ ಗಾಳಿಯಿಲ್ಲದೆ, ತಲೆಯ ಮೇಲೆ ಕಾಡು ಉರಿಯುತ್ತಿರಲು.

ಸೊಂಟದ ತನಕ ಇಳಿದಾಗ ಅವನ ಮುಖ ಸಡಿಲವಾಯಿತು. ಎದೆಗೆ ನೀರು ಬಂದಾಗ ಬಾಯಿ ತೆರೆಯಿತು. ನೀರು ಎದೆಗೂಡನ್ನು ಅಮುಕುತ್ತಿತ್ತು. ಒಳಗಿದ್ದ ಸ್ವಲ್ಪ ಗಾಳಿಗೂ ಜಾಗವಿಲ್ಲದಂತಾಯಿತು. ನೀರು ಅವನನ್ನು ಹಗುರ ಮಾಡುತ್ತದೆ ಎಂದು ಬೇಸಿಗೆಯಿಡೀ ನಂಬಿದ್ದಳು ಅಲ್ಜೀರಾ. ಮೇಲೆ ತರೋಣವೆಂದರೆ ಮೇಲಿನ ಗಾಳಿಯೇ ಸುಡುತ್ತಿತ್ತು. ಅವನನ್ನು ಮುಂದಿಟ್ಟುಕೊಂಡು, ಬೆನ್ನಿಗೆ ತನ್ನ ಎದೆ ಕೊಟ್ಟು ನಿಂತಳು. ಇಬ್ಬರ ತಲೆಯ ಮೇಲೂ ಅನ್ನದ ಪಾತ್ರೆಗೆ ಸುತ್ತಿದ್ದ ಕಂಬಳಿಯನ್ನು ಅದ್ದಿ ಹೊದಿಸಿದಳು ಗ್ರಸಿಂದಾ.

ಹಗಲು ಕಿತ್ತಳೆಯಾಯಿತು, ಆಮೇಲೆ ಕಪ್ಪಾಯಿತು. ಕಿಡಿಗಳು ನೀರಿಗೆ ಬಿದ್ದು ಸುಯ್ ಅನ್ನುತ್ತಿದ್ದವು. ಎದುರು ದಂಡೆಯ ನೀಲಗಿರಿಗಳು ಒಂದೊಂದಾಗಿ ಅಲ್ಲ, ಸಾಲಾಗಿ ಒಮ್ಮೆಲೇ ಹೊತ್ತಿಕೊಂಡವು, ಯಾರೋ ದೀಪದ ಗುಂಡಿ ಒತ್ತಿದ ಹಾಗೆ. ಮೇಲೆ ಕಾರಿನ ಗಾಜುಗಳು ಒಡೆಯುವ ಸದ್ದು ಕೇಳಿತು. ಒಂದು ನಾಯಿ ಈಜುತ್ತಾ ಬಂದು ಗ್ರಸಿಂದಾಳ ಹೆಗಲಿಗೆ ಮುಂಗಾಲಿಟ್ಟಿತು. ಅವಳು ತಳ್ಳಲಿಲ್ಲ.

ಕಂಬಳಿಯೊಳಗೆ ಅಲ್ಜೀರಾ ಗಂಡನ ಕಿವಿಗೆ ಬಾಯಿಟ್ಟು ಹೇಳುತ್ತಲೇ ಇದ್ದಳು. "ಎಳ್ಕೊ. ಬಿಡು. ಎಳ್ಕೊ. ಬಿಡು." ಉಣ್ಣೆ ಬಾಚುವ ಯಂತ್ರ ಕಲಿಸುವವರು ಹೊಸ ಹುಡುಗಿಯರಿಗೆ ಹೇಳುವಂತೆ. ಒಂದೊಂದು ಉಸಿರೂ ಬರುವುದೋ ಇಲ್ಲವೋ ಎಂದು ಕಾಯಬೇಕಿತ್ತು. ಒಂದು ಉಸಿರು ಬಹಳ ಹೊತ್ತು ಬರಲಿಲ್ಲ. ಅವಳು ಅವನ ಎದೆಗೆ ಗುದ್ದಿದಳು.

"ಊಟಕ್ಕೆ ಮೊದ್ಲೇ ಇಳಿಸ್ಬೇಕಾಗಿತ್ತು," ಅಂದಳು. "ಕೇಳ್ತಿದ್ಯಾ? ನೀನು ಕೇಳಿದಾಗಲೇ ಇಳಿಸ್ಬೇಕಾಗಿತ್ತು. ಸಾಯಬೇಡ. ಬಯ್ಯಿ ನನ್ನ. ಬಯ್ಯೋಕಾದ್ರೂ ಉಸಿರೆಳ್ಕೊ."

ಉಸಿರು ಬಂತು. ಅವನು ಬಯ್ಯಲಿಲ್ಲ. ನೀರೊಳಗೆ ಅವಳ ಮುಂಗೈಯನ್ನು ಹಿಡಿದ, ನೋಯುವಷ್ಟು ಗಟ್ಟಿಯಾಗಿ.

ಬೆಂಕಿ ದಾಟಿ ಹೋಯಿತು. ಅದಕ್ಕೆ ಇನ್ನೂ ತಿನ್ನಲು ಬಹಳವಿತ್ತು, ಮುಂದಿನ ಬೆಟ್ಟದ ತುಂಬಾ ನೀಲಗಿರಿ ಇತ್ತು. ಈ ಕಣಿವೆಯಲ್ಲಿ ಕರಿಯ ಕಂಬಗಳು ಉಳಿದವು, ಬೂದಿ ಮುಚ್ಚಿದ ನೀರು ಉಳಿಯಿತು, ನೀರಿನಲ್ಲಿ ಜನ ಉಳಿದರು. ಯಾರೋ ಅಳತೊಡಗಿದರು. ಮಕ್ಕಳಲ್ಲ, ಕಾರು ಕಳೆದುಕೊಂಡ ಗಂಡಸೊಬ್ಬ.

ಅಲ್ಜೀರಾ ಗಂಡನನ್ನು ಇಳಿಜಾರಿನ ಕಡೆಗೆ, ಕೂತರೆ ನೀರು ಸೊಂಟಕ್ಕೆ ಬರುವಲ್ಲಿಗೆ ಸರಿಸಿ ತಂದು, ಕಾಂಕ್ರೀಟಿನ ಮೇಲೆ ಕೂರಿಸಿದಳು. ಹಿಂದೆ ತಾನು ಕೂತು ಬೆನ್ನಿಗೆ ಆಸರೆಯಾದಳು. ಅವನ ಎದೆ ಏರಿಳಿಯುತ್ತಿತ್ತು, ಸಣ್ಣಗೆ, ಅಡ್ಡಾದಿಡ್ಡಿ. ತುಟಿಗೆ ಬಣ್ಣ ಬಂದಿರಲಿಲ್ಲ. ಆದರೆ ಅವನು ಎರಡೂ ಕೈಗಳನ್ನು ನೀರೊಳಗೆ ಬಿಟ್ಟು ಬೆರಳಾಡಿಸುತ್ತಿದ್ದ. ಬೂದಿ ಸರಿದು ಕೆಳಗಿನ ಹಸಿರು ನೀರು ಕಾಣುತ್ತಿತ್ತು.

ಅಗ್ನಿಶಾಮಕದವರು ಹೊಳೆಯ ಪಾತ್ರದಲ್ಲೇ ನಡೆದು ಬಂದರು. ಮುಖವೆಲ್ಲ ಮಸಿ. ಅವರಲ್ಲೊಬ್ಬ ಹುಡುಗ ಸಣ್ಣ ಸಿಲಿಂಡರ್ ಮತ್ತು ಮುಖವಾಡ ತಂದಿದ್ದ. ಮುದುಕನನ್ನು ನೋಡಿದವನೇ ನೀರಿಗಿಳಿದು ಮುಖವಾಡ ಒತ್ತಿ ಹಿಡಿದ.

"ಅಜ್ಜಾ, ಏಳಿ. ಮೇಲ್ಗಡೆ ಆಂಬುಲೆನ್ಸ್ ಬರ್ತಿದೆ. ಹೊತ್ಕೊಂಡು ಹೋಗ್ತೀವಿ."

ಅಬೀಲಿಯೊ ಮುಖವಾಡದೊಳಗಿನಿಂದ ಏನೋ ಅಂದ. ಹುಡುಗನಿಗೆ ಕೇಳಿಸಲಿಲ್ಲ. ಮುಖವಾಡ ಸರಿಸಿ ಕಿವಿಗೊಟ್ಟ.

"ಈಗ ತಾನೆ ಇಳಿದಿದೀನಿ ಕಣಯ್ಯಾ," ಅಂದ ಅಬೀಲಿಯೊ.

ಅಗ್ನಿಶಾಮಕದವನು ಅಲ್ಜೀರಾಳನ್ನು ನೋಡಿದ. "ಅಮ್ಮಾ, ನೀವೇ ಹೇಳಿ. ಈ ಸಿಲಿಂಡರ್ ಜಾಸ್ತಿ ಹೊತ್ತು ಬರಲ್ಲ. ತಡ ಆದಷ್ಟೂ ಕಷ್ಟ."

ಗ್ರಸಿಂದಾ ನಾಯಿಯನ್ನು ತಬ್ಬಿಕೊಂಡು ದಂಡೆಯಲ್ಲಿ ನಿಂತಿದ್ದಳು.

ಅಲ್ಜೀರಾಳಿಗೆ ಗೊತ್ತಿತ್ತು. ಇಲ್ಲಿ ಕಳೆಯುವ ಹೊತ್ತು ಅವನ ಉಳಿದ ಉಸಿರಿನಿಂದಲೇ ಕಳೆಯುತ್ತದೆ, ಬೇರೆ ಎಲ್ಲಿಂದಲೂ ಬರುವುದಿಲ್ಲ. ಅವಳು ಅವನ ಕುತ್ತಿಗೆಯ ಮೇಲಿನ ಬೂದಿಯನ್ನು ಒದ್ದೆ ಕೈಯಿಂದ ಒರೆಸಿದಳು.

"ಇರಲಿ ಬಿಡಪ್ಪಾ," ಅಂದಳು ಆ ಹುಡುಗನಿಗೆ. "ಅವನು ಹೇಳಿದಾಗ ಎತ್ತೋಣ."

ಹುಡುಗ ಅವರ ಪಕ್ಕದಲ್ಲೇ ಬೂಟುಗಾಲಿನಲ್ಲಿ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತ, ಮುಖವಾಡವನ್ನು ಮತ್ತೆ ಮುದುಕನ ಮುಖಕ್ಕೆ ಹಿಡಿದುಕೊಂಡು.